ಇರಾನ್ ತಡೆಯಲು ಅಮೆರಿಕ ಮಾಡಿದ 2012ರ ಕಾಯ್ದೆಯಲ್ಲಿ ನಿಜವಾಗಿ ಏನಿದೆ?

ಪುಳಿಯೋಗರೆ (ಪ್ರಶ್ನೆ):
ಪರೀಕ್ಷೆಗೆ ಓದುತ್ತಿದ್ದೇನೆ. ಲ್ಯಾಟಿನ್ ಅಮೆರಿಕದಲ್ಲಿ ಇರಾನ್ ಪ್ರಭಾವ ತಡೆಯಲು ಅಮೆರಿಕ 2012ರಲ್ಲಿ ಕಾಯ್ದೆಯನ್ನೇ ತಂದಿತಂತೆ. ವೆನೆಜುವೆಲಾ ಯಾರ ಸ್ನೇಹ ಮಾಡಬೇಕು ಅಂತ ವಾಷಿಂಗ್ಟನ್‌ನಲ್ಲಿ ಕೂತು ಬರೆದರೆ ಅವರು ಯಾಕೆ ಕೇಳುತ್ತಾರೆ?

ದಕ್ಷಿಣದಿಕ್ಕು:
ಕೇಳಬೇಕಾಗಿಯೇ ಇಲ್ಲ. ಆ ಕಾಯ್ದೆ ವೆನೆಜುವೆಲಾಗೆ ಏನೂ ಹೇಳುವುದಿಲ್ಲ. ಅಮೆರಿಕದ್ದೇ ವಿದೇಶಾಂಗ ಇಲಾಖೆಗೆ ಹೇಳುತ್ತದೆ: ಇರಾನ್ ಅಲ್ಲಿ ಏನು ಮಾಡುತ್ತಿದೆ ನೋಡಿ, 180 ದಿನದಲ್ಲಿ ಎದುರಿಸುವ ಯೋಜನೆ ಬರೆದುಕೊಡಿ. ಅಷ್ಟೇ!

ಆದರೆ ಆ ಕಾಯ್ದೆಯ ಹಿಂದಿದ್ದ ಭಯ ಸುಳ್ಳಲ್ಲ. ನಾನು ಕೆಲಸದ ಮೇಲೆ ಎರಡು ವರ್ಷ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿದ್ದೆ. ಆಫೀಸಿಗೆ ಹೋಗುವ ದಾರಿಯಲ್ಲಿ ಪಾಶ್ಚರ್ ಬೀದಿ. ಅಲ್ಲಿನ ಯಹೂದಿ ಕೇಂದ್ರದಲ್ಲಿ 1994ರ ಜುಲೈ 18ರಂದು ಬಾಂಬ್ ಸಿಡಿದು 85 ಜನ ಸತ್ತರು. ಸತ್ತವರ ಹೆಸರು ಗೋಡೆ ಮೇಲಿವೆ. ಮೊದಮೊದಲು ನಿಂತು ಓದುತ್ತಿದ್ದೆ, ಆಮೇಲೆ ತಲೆ ತಗ್ಗಿಸಿ ದಾಟುತ್ತಿದ್ದೆ. ಇರಾನ್ ಮತ್ತು ಅದರ ಬೆಂಬಲದ ಲೆಬನಾನ್ ಸಶಸ್ತ್ರ ಸಂಘಟನೆ ಹಿಜ್ಬುಲ್ಲಾ ಮಾಡಿದ್ದು ಅಂತ ಅರ್ಜೆಂಟೀನಾದ ತನಿಖಾಧಿಕಾರಿಗಳ ಆರೋಪ. ಇರಾನ್ ಒಪ್ಪುವುದಿಲ್ಲ.

ಇದರ ಮೇಲೆ ಆಗಿನ ಇರಾನ್ ಅಧ್ಯಕ್ಷ ಅಹ್ಮದಿನೆಜಾದ್ ಪದೇ ಪದೇ ವೆನೆಜುವೆಲಾ ರಾಜಧಾನಿ ಕ್ಯಾರಕಾಸ್‌ಗೆ ಹೋಗಿ ಅಲ್ಲಿನ ಅಧ್ಯಕ್ಷ ಚಾವೆಸ್‌ರನ್ನು ತಬ್ಬಿಕೊಳ್ಳುತ್ತಿದ್ದರು. ಆ ಭಾಗದಲ್ಲಿ ಇರಾನ್ ರಾಯಭಾರ ಕಚೇರಿಗಳು 6ರಿಂದ 10 ಆದವು. ಸೌತ್ ಕ್ಯಾರೊಲಿನಾದ ಸಂಸದ ಜೆಫ್ ಡಂಕನ್ ಮಸೂದೆ ತಂದರು, ಡಿಸೆಂಬರ್ 28ಕ್ಕೆ ಒಬಾಮಾ ಸಹಿ ಹಾಕಿದರು.

ತಮಾಷೆ ನೋಡಿ, ಸಹಿ ಆಗಿ ಒಂದು ತಿಂಗಳಿಗೆ ಅರ್ಜೆಂಟೀನಾ ಸರ್ಕಾರವೇ ಆ ಬಾಂಬ್ ಕೇಸಿನ ಬಗ್ಗೆ ಇರಾನ್ ಜೊತೆ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಅಂದದ್ದು ಅಲ್ಲಿನ ಕೋರ್ಟೇ. ಅಮೆರಿಕದ ಕಾಯ್ದೆ ಸುಮ್ನೆ ನೋಡುತ್ತಾ ಕೂತಿತ್ತು.

ಪುಳಿಯೋಗರೆ:
ಆ ವರದಿ ಬಂತಾ?

ದಕ್ಷಿಣದಿಕ್ಕು:
2013ರ ಜೂನ್‌ನಲ್ಲಿ ಬಂತು. ಜಾಸ್ತಿ ಭಾಗ ಗುಟ್ಟು. ಹೊರಗೆ ಬಿಟ್ಟ ಸ್ವಲ್ಪದರಲ್ಲಿ ಇದ್ದದ್ದು, ಅಲ್ಲಿ ಇರಾನ್ ಪ್ರಭಾವ ಕುಗ್ಗುತ್ತಿದೆ ಅಂತ. ಡಂಕನ್‌ಗೆ ಸಿಟ್ಟು ಬಂತು, ಬರದೇ ಇರುತ್ತಾ?

ಹಡಗಿನವ:
ಕುಗ್ಗಿದ್ದು ಅಂತೀರಾ? 2020ರ ಮೇನಲ್ಲಿ ಇರಾನಿನ ಐದು ಟ್ಯಾಂಕರ್‌ಗಳು ಪೆಟ್ರೋಲ್ ತುಂಬಿಕೊಂಡು ವೆನೆಜುವೆಲಾಗೆ ಬಂದವು. ನೆಲದಡಿ ಅಷ್ಟು ತೈಲ ಇಟ್ಟುಕೊಂಡ ದೇಶಕ್ಕೆ ಹೊರಗಿಂದ ಪೆಟ್ರೋಲ್!

ದಕ್ಷಿಣದಿಕ್ಕು:
ನಿಜ ಸಾರ್. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕ ವೆನೆಜುವೆಲಾಗೆ ಹೊರಟಿದ್ದ ನಾಲ್ಕು ಹಡಗುಗಳಿಂದ ಸುಮಾರು 11 ಲಕ್ಷ ಬ್ಯಾರೆಲ್ ಇರಾನ್ ಪೆಟ್ರೋಲ್ ಹಿಡಿದದ್ದು ಕೋರ್ಟಿನ ಜಪ್ತಿ ಆದೇಶದಿಂದ, ಈ ಕಾಯ್ದೆಯಿಂದಲ್ಲ. ಕೆಲಸ ಮಾಡುವುದು ಡಾಲರ್ ವ್ಯವಹಾರದ ಮೇಲಿನ ನಿರ್ಬಂಧ, ಜಪ್ತಿ.

ಪುಳಿಯೋಗರೆ:
ನೋಟ್ಸ್‌ನಲ್ಲಿ ‘ಇರಾನನ್ನು ನಿಷೇಧಿಸಿದ ಕಾಯ್ದೆ’ ಅಂತ ಬರೆದುಕೊಂಡಿದ್ದೆ. ಈಗಲೇ ಹೊಡೆದುಹಾಕಿದೆ.