ಬಳ್ಳಾರಿಯಲ್ಲಿ ಮೊಬೈಲ್ ಎಫ್ಎಂ: ಹೊಸಪೇಟೆ 100.5 ಬರೀ ಗರಗರ, ಏನು ಮಾಡೋದು?

ಗುಡ್ಡದಮಗ್ಗುಲು (ಪ್ರಶ್ನೆ)

ಮನೆ ಬಳ್ಳಾರಿ ಕೋಟೆ ಗುಡ್ಡದ ಪೂರ್ವಕ್ಕೆ, ನೆಲಮಹಡಿ, ಆರ್‌ಸಿಸಿ ಚಾವಣಿ. ಫೋನ್ ಎರಡಿವೆ.

ಹಳೇದರಲ್ಲಿ 3.5 ಎಂಎಂ ಜಾಕ್ ಇದೆ, ಎಫ್ಎಂ ಆ್ಯಪೂ ಇದೆ. ಸ್ಕ್ಯಾನ್ ಕೊಟ್ಟರೆ ಒಂದು ಸ್ಟೇಷನ್ನೂ ಸಿಗಲ್ಲ. ಕೈಯಿಂದ 100.5 ಹಾಕಿದರೆ ಹೊಸಪೇಟೆ ಆಕಾಶವಾಣಿ ಮಾತು ಅರ್ಥವಾಗುತ್ತೆ, ಹಿಂದೆ ಗರಗರ. ಚಾರ್ಜಿಗೆ ಹಾಕಿದ ತಕ್ಷಣ ಅದೂ ಹೋಯ್ತು.

ಹೊಸದರಲ್ಲಿ ಟೈಪ್-ಸಿ ಮಾತ್ರ. ಎಫ್ಎಂ ಆ್ಯಪ್ ಕಂಪನಿಯಿಂದಲೇ ಬಂದಿದೆ. 3.5 ಕನ್ವರ್ಟರ್ ಹಾಕಿ ಇಯರ್‌ಫೋನ್ ಚುಚ್ಚಿದರೆ ಹಾಡು ಕೇಳುತ್ತೆ, ಆದರೆ ಎಫ್ಎಂ ತೆರೆದರೆ "ಹೆಡ್‌ಸೆಟ್ ಜೋಡಿಸಿ" ಅಂತಲೇ ತೋರಿಸುತ್ತೆ. ಬ್ಲೂಟೂತ್ ಇಯರ್‌ಫೋನಿಗೂ ಅದೇ ಉತ್ತರ.

ಪ್ಲೇ ಸ್ಟೋರಿನ ಬೇರೆ ಎಫ್ಎಂ ಆ್ಯಪ್ ಹಾಕಿದರೆ ಸರಿ ಹೋಗುತ್ತಾ? ಡೇಟಾ ಖರ್ಚಿಲ್ಲದೆ ಕೇಳಬೇಕು.

ಹಂಪಿರಸ್ತೆ

ಮೊದಲು ಹಳೇ ಫೋನ್. ನಿಮ್ಮ ಇಯರ್‌ಫೋನ್ ವೈರೇ ಆಂಟೆನಾ. 100.5 ಮೆಗಾಹರ್ಟ್ಸ್ ಅಂದರೆ ಅಲೆಯ ಉದ್ದ ಸುಮಾರು 3 ಮೀಟರ್, ಅದರ ಕಾಲುಭಾಗ 75 ಸೆಂ.ಮೀ. ವೈರು ಅಷ್ಟಾದರೂ ಬಿಚ್ಚಿಕೊಂಡಿರಬೇಕು. ಸುತ್ತಿ ಜೇಬಿಗೆ ಹಾಕಿಕೊಂಡರೆ ಅರ್ಧ ಸಿಗ್ನಲ್ ಅಲ್ಲೇ ಹೋಯಿತು. ಒಂದು ಸಲ ನೇರ ಇಳಿಬಿಡಿ, ಒಂದು ಸಲ ಅಡ್ಡ ಹಿಡಿಯಿರಿ, ಯಾವುದು ಚೆನ್ನಾಗಿ ಬರುತ್ತೋ ನೋಡಿ.

ಹೊಸಪೇಟೆ ನಿಮಗೆ ಪಶ್ಚಿಮಕ್ಕೆ, 60 ಕಿ.ಮೀ. ಆಸುಪಾಸು. ಎಫ್ಎಂ ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಸಾಗುತ್ತದೆ, ಆ ಗೆರೆಗೆ ನಿಮ್ಮ ಗುಡ್ಡವೇ ಅಡ್ಡ. ಮಹಡಿ ಮೇಲೆ ಹೋಗಿ ಕೇಳಿ. ಅಲ್ಲಿ ಶುದ್ಧವಾಗಿ ಬಂದರೆ ಫೋನ್ ಸರಿಯಿದೆ, ಜಾಗದ್ದೇ ತೊಂದರೆ. ಒಳಗೇ ಕೇಳಬೇಕಿದ್ದರೆ ಪಶ್ಚಿಮದ ಕಿಟಕಿ ಹತ್ತಿರ ಕೂತು ವೈರನ್ನು ಕಬ್ಬಿಣದ ಸರಳಿಗೆ ತಾಗದ ಹಾಗೆ ಬಿಡಿ. ಬಂಡೆಗಲ್ಲಿಗೆ ಬಡಿದು ಬರುವ ಅಲೆ ನೇರ ಅಲೆಯ ಜೊತೆ ಸೇರಿ ಕೆಲವು ಕಡೆ ಎರಡೂ ಒಂದನ್ನೊಂದು ಅಳಿಸಿ ಹಾಕುತ್ತವೆ. ಅಂಥ ಕಡೆ ಫೋನನ್ನು ಮುಕ್ಕಾಲು ಮೀಟರ್ ಸರಿಸಿದರೂ ಸಾಕು, ದನಿ ಏಳುತ್ತದೆ.

ಸ್ಕ್ಯಾನ್ ನಂಬಬೇಡಿ. ಒಂದು ಮಟ್ಟಕ್ಕಿಂತ ಸಿಗ್ನಲ್ ಕಡಿಮೆಯಿದ್ದರೆ ಅದು ಸ್ಟೇಷನ್ನನ್ನು ಹಾರಿಸಿಬಿಡುತ್ತದೆ. 100.5 ಕೈಯಿಂದ ಹಾಕಿ ಫೇವರಿಟ್‌ನಲ್ಲಿ ಇಟ್ಟುಕೊಳ್ಳಿ. ರಾಯಚೂರು 102.0 ಬಳ್ಳಾರಿಯಿಂದ ಹುಡುಕಬೇಡಿ, ಬಹಳ ದೂರ.

ಚಾರ್ಜರ್ ವಿಷಯ: ಅದರೊಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೊಡುವ ಸರ್ಕಿಟ್ ಇರುತ್ತದೆ. ಆ ಗದ್ದಲ ಕೇಬಲ್ ಹಿಡಿದು ಫೋನಿನ ಗ್ರೌಂಡಿಗೆ (ಎಲ್ಲಾ ಸರ್ಕಿಟಿಗೂ ಸೇರಿದ ಒಂದೇ ಲೈನಿಗೆ) ಬರುತ್ತದೆ, ಇಯರ್‌ಫೋನ್ ಆಂಟೆನಾಕ್ಕೂ ಅದೇ ಗ್ರೌಂಡ್. ಕೇಳುವಾಗ ಚಾರ್ಜರ್ ಕಿತ್ತಿಡಿ, ಅಷ್ಟೇ. ಅಗ್ಗದ ಎಲ್‌ಇಡಿ ಬಲ್ಬೂ ಇದೇ ಕಾಟ ಕೊಡುತ್ತೆ, ಒಂದೊಂದೇ ಆರಿಸಿ ನೋಡಿ.

ಕೊಪ್ಪಳ_ರಿಪೇರಿ

ಟೈಪ್-ಸಿ ಬಗ್ಗೆ ನಾ ಹೇಳ್ತೀನಿ ನೋಡ್ರಿ. ಕನ್ವರ್ಟರ್‌ನ್ಯಾಗ ಎರಡು ಜಾತಿ ಅದಾವ. ಒಂದರಾಗ ಸಣ್ಣ ಡ್ಯಾಕ್ ಚಿಪ್ ಇರ್ತೈತಿ, ಫೋನಿನಿಂದ ಡಿಜಿಟಲ್ ಆಗಿ ಬಂದ ದನಿಯನ್ನ ಅದು ಇಯರ್‌ಫೋನಿಗೆ ಬೇಕಾದ ಅನಲಾಗ್ ದನಿಗೆ ಬದಲಿ ಮಾಡಿ ಕೊಡ್ತೈತಿ. ಇದರಾಗ ಇಯರ್‌ಫೋನ್ ವೈರಿಗೂ ಫೋನಿನ ಎಫ್ಎಂ ಸರ್ಕಿಟಿಗೂ ಸಂಬಂಧನ ಇಲ್ಲ. ಹಾಡು ಬರ್ತೈತಿ, ಎಫ್ಎಂ ಬರಂಗಿಲ್ಲ. ನಿಮ್ಮದು ಇದೇ ಇರಬೇಕು. ಇನ್ನೊಂದು ಚಿಪ್ ಇಲ್ಲದ್ದು, ಬರೀ ವೈರಿನ ಜೋಡಣೆ. ಎಫ್ಎಂಗೆ ಇದು ಬೇಕು. ಆದರ ಫೋನೂ ಟೈಪ್-ಸಿ ಒಳಗ ಅನಲಾಗ್ ಆಡಿಯೊ ಕೊಡೋದಿರಬೇಕು, ಎಲ್ಲಾ ಫೋನೂ ಕೊಡಂಗಿಲ್ಲ. ಅಂಗಡ್ಯಾಗ ನಿಮ್ಮ ಫೋನಿಗೇ ಚುಚ್ಚಿ, ಎಫ್ಎಂ ತೆಗೆದು ನೋಡಿ, ಆಮ್ಯಾಲ ರೊಕ್ಕ ಕೊಡ್ರಿ. ಡಬ್ಬಿ ಮ್ಯಾಲಿನ ಬರಹ ನಂಬಿದ್ರ ಕೆಟ್ರಿ.

ಬ್ಲೂಟೂತ್‌ಗೆ ಆಂಟೆನಾ ಆಗೋ ವೈರೇ ಇಲ್ಲ, ಅದಕ್ಕ ಆ ಉತ್ತರ. ಹಾಳಾದ ಇಯರ್‌ಫೋನ್ ಇದ್ರ ಒಗೀಬ್ಯಾಡ್ರಿ. ಒಂದು ಕಿವಿ ಸತ್ತಿದ್ರೂ ವೈರು ತುಂಡಾಗದಿದ್ರ ಆಂಟೆನಾ ಕೆಲಸಕ್ಕ ಸಾಕು. ಅದನ್ನ ಹಳೇ ಫೋನಿಗೆ ಚುಚ್ಚಿ ಆ್ಯಪ್ ಒಳಗ ಲೌಡ್‌ಸ್ಪೀಕರ್ ಒತ್ತಿದ್ರ ಮನಿ ಮಂದಿಯೆಲ್ಲಾ ಕೇಳಬಹುದು.

ಪ್ಲೇ ಸ್ಟೋರಿನ "ಎಫ್ಎಂ" ಆ್ಯಪುಗಳು ಹೆಚ್ಚಿನವು ಇಂಟರ್ನೆಟ್ ರೇಡಿಯೊ. ಡೇಟಾ ಬಂದ್ ಮಾಡಿ ತೆಗೀರಿ, ಬಣ್ಣ ಬಯಲಾಗ್ತೈತಿ. ಎಫ್ಎಂ ರಿಸೀವರ್ ಇರೋದು ವೈಫೈ, ಬ್ಲೂಟೂತ್ ಇರೋ ಚಿಪ್ ಒಳಗ. ಭಾಳ ಫೋನಿನಾಗ ಚಿಪ್ ಇದ್ರೂ ಕಂಪನಿಯವರು ಆಂಟೆನಾ ಲೈನ್ ಎಳೆದಿರಂಗಿಲ್ಲ, ಇಲ್ಲಾ ಸಾಫ್ಟ್‌ವೇರಿನ್ಯಾಗ ಮುಚ್ಚಿರ್ತಾರ. ಲೈನ್ ಇಲ್ಲದಿದ್ರ ಯಾವ ಆ್ಯಪೂ ಏನೂ ಮಾಡಂಗಿಲ್ಲ. 2023ರಾಗ ಕೇಂದ್ರದ ಐಟಿ ಸಚಿವಾಲಯ ಎಫ್ಎಂ ಮುಚ್ಚಬ್ಯಾಡ್ರಿ ಅಂತ ತಯಾರಕರಿಗೆ ಸಲಹೆ ಕಳಿಸೈತಿ, ಆದರ ಅದು ಸಲಹೆ, ಕಡ್ಡಾಯ ಅಲ್ಲ. ಶಿಯೋಮಿ, ರೆಡ್ಮಿ ಇದ್ರ ಡಯಲರ್‌ನ್ಯಾಗ *#*#6484#*#* ಒತ್ತಿ, ಹಾರ್ಡ್‌ವೇರ್ ಪರೀಕ್ಷೆ ಪಟ್ಟಿಯೊಳಗ ಎಫ್ಎಂ ಐತೇನು ನೋಡ್ರಿ.

ಹಳೇ ಫೋನಿಗೆ ಇನ್ನೊಂದು: ಜಾಕಿನ ತೂತಿನ್ಯಾಗ ಧೂಳು, ಹತ್ತಿ ಎಳಿ ತುಂಬಿದ್ರ ಪಿನ್ ಪೂರ್ತಿ ಕೂಡಂಗಿಲ್ಲ. ಫೋನ್ ಆಫ್ ಮಾಡಿ ಮರದ ಹಲ್ಲುಕಡ್ಡಿಯಿಂದ ತೆಗೀರಿ, ಸೂಜಿ ಬ್ಯಾಡ. ಹಿಂದಿನ ಕವರ್ ತೂತು ಸಣ್ಣದಿದ್ರೂ ಇದೇ ಪಾಡು, ಕವರ್ ಬಿಚ್ಚಿ ನೋಡ್ರಿ.

ಸಿಂಧನೂರು_ಆಲಿಸುಗ

ಸಿಂಧನೂರಿಗೆ ಹೊಸಪೇಟೆಯೂ ದೂರ, ರಾಯಚೂರೂ ದೂರ. ಇಲ್ಲಿ ಗರಗರಕ್ಕೆ ಮೊದಲ ಮದ್ದು ಮೋನೊ. ಎಫ್ಎಂ ಆ್ಯಪಿನಲ್ಲಿ ಸ್ಟೀರಿಯೊ ಆಯ್ಕೆ ಇದ್ದರೆ ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಸೆಟ್ಟಿಂಗ್ಸ್, ಆ್ಯಕ್ಸೆಸಿಬಿಲಿಟಿ, ಅಲ್ಲಿ ಮೋನೊ ಆಡಿಯೊ ಆನ್ ಮಾಡಿ.

ಹಂಪಿರಸ್ತೆ

ಆ್ಯಕ್ಸೆಸಿಬಿಲಿಟಿ ಮೋನೊ ಎರಡೂ ಕಿವಿಗೆ ಒಂದೇ ದನಿ ಕೊಡುತ್ತೆ ಅಷ್ಟೇ. ಗರಗರ ಹೇಗೆ ಕಡಿಮೆಯಾದೀತು?

ಸಿಂಧನೂರು_ಆಲಿಸುಗ

ಆಗುತ್ತದೆ. ಸ್ಟೀರಿಯೊದಲ್ಲಿ ಎಡ-ಬಲಗಳ ಮೊತ್ತ ಒಂದು, ವ್ಯತ್ಯಾಸ ಒಂದು, ಹೀಗೆ ಎರಡು ಸಿಗ್ನಲ್ ಕಳಿಸುತ್ತಾರೆ. ವ್ಯತ್ಯಾಸ ಬರುವುದು 38 ಕಿಲೋಹರ್ಟ್ಸ್ ಮೇಲೆ ಕೂತು. ಎಫ್ಎಂನಲ್ಲಿ ಆವರ್ತನ ಏರಿದಷ್ಟೂ ಗದ್ದಲ ಹೆಚ್ಚು, ಹಾಗಾಗಿ ಗರಗರದ ದೊಡ್ಡ ಪಾಲು ಈ ವ್ಯತ್ಯಾಸದ್ದೇ. ಅದು ಒಂದು ಕಿವಿಗೆ ಕೂಡಿಯೂ ಇನ್ನೊಂದಕ್ಕೆ ಕಳೆದೂ ಹೋಗಿರುತ್ತದೆ. ಎಡ-ಬಲ ಮತ್ತೆ ಕೂಡಿಸಿದರೆ ವ್ಯತ್ಯಾಸ ಸೊನ್ನೆ, ಅದರ ಗದ್ದಲವೂ ಸೊನ್ನೆ. ಕೆಲವು ಫೋನುಗಳಲ್ಲಿ ಎಫ್ಎಂ ದನಿ ಆ ಸೆಟ್ಟಿಂಗಿನ ದಾರಿಯಲ್ಲಿ ಹೋಗುವುದೇ ಇಲ್ಲ, ಅಲ್ಲಿ ಮಾತ್ರ ಉಪಯೋಗವಿಲ್ಲ.

ಅಷ್ಟಕ್ಕೂ ಬಗ್ಗದಿದ್ದರೆ: ಒಂದೂವರೆ ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಾಮ್ರದ ವೈರು ತಗೊಂಡು, ಒಂದು ತುದಿಯನ್ನು ಇಯರ್‌ಫೋನ್ ವೈರಿನ ಮೇಲೆ, ಜಾಕಿನ ಹತ್ತಿರ, ಒತ್ತಾಗಿ ಹತ್ತು ಹದಿನೈದು ಸುತ್ತು ಸುತ್ತಿ. ಹೊದಿಕೆ ಸುಲಿಯಬೇಡಿ, ಲೋಹ ತಾಗದೆಯೇ ಸಿಗ್ನಲ್ ದಾಟುತ್ತದೆ. ಉಳಿದದ್ದನ್ನು ಕಿಟಕಿಯಾಚೆ ಇಳಿಬಿಡಿ. ಕರೆಂಟ್ ತಂತಿಯ ಹತ್ತಿರ ಬೇಡ. ಗುಡುಗು ಶುರುವಾದರೆ ಒಳಗೆ ಎಳೆದುಕೊಂಡು ಫೋನಿನಿಂದ ಬಿಡಿಸಿ.

ಗುಡ್ಡದಮಗ್ಗುಲು

ಮಹಡಿಯಲ್ಲಿ ಸ್ಪಷ್ಟ, ಕೆಳಗೆ ಮೋನೊ ಹಾಕಿದ ಮೇಲೆ ಪರವಾಗಿಲ್ಲ. ಹಳೇ ಫೋನಿನಿಂದ ಸ್ಪೀಕರಿಗೆ ಆಕ್ಸ್ ಕೇಬಲ್ ಕೊಟ್ಟರೆ ಆಂಟೆನಾ ಏನಾಗುತ್ತೆ?

ಕೊಪ್ಪಳ_ರಿಪೇರಿ

ಆಕ್ಸ್ ಕೇಬಲ್ಲೇ ಆಂಟೆನಾ ಆಗ್ತೈತಿ. ಗೇಣುದ್ದದ್ದು ಬ್ಯಾಡ, ಒಂದು ಮೀಟರ್ ಮ್ಯಾಲಿಂದು ತಗೊಳ್ರಿ. ಸ್ಪೀಕರ್ ಬ್ಯಾಟರಿ ಮ್ಯಾಲ ನಡೀಲಿ. ಅದನ್ನ ಚಾರ್ಜಿಗೆ ಹಾಕಿದ್ರ ಫೋನ್ ಚಾರ್ಜರ್ ಗದ್ದಲನ ಮತ್ತ ಆ ದಾರಿಯಿಂದ ಬರ್ತೈತಿ.

ಹಂಪಿರಸ್ತೆ

ಟೈಪ್-ಸಿ ಫೋನ್ ದಾರಿಗೆ ಬರದೇ ಹೋದರೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಇದೆ. 64 ಕೆಬಿಪಿಎಸ್ ಸ್ಟ್ರೀಮ್ ಆದರೆ ಗಂಟೆಗೆ ಸುಮಾರು 29 ಎಂಬಿ. ದನಿ ರೇಡಿಯೊಗಿಂತ ಕೆಲ ಸೆಕೆಂಡು ತಡವಾಗಿ ಬರುತ್ತೆ, ಗಂಟೆ ಹೊಡೆಯೋದು ಕೇಳಿ ಗಡಿಯಾರ ಸರಿಮಾಡಿಕೊಳ್ಳಬೇಡಿ.