‘ಬ್ರಾಟ್ ಫಾರ್ವರ್ಡ್’ ಅಂದ್ರೆ ಬೇಗವಾ, ತಡವಾ? ಗೊತ್ತಿದ್ದವರು ಹೇಳಿ

ಬದಿಯಡ್ಕದ ಅಮ್ಮ: ಮಗಳಿಗೆ ಕೊಚ್ಚಿಯಿಂದ ಮೇಲ್ ಬಂದಿದೆ. 14ಕ್ಕೆ ಇದ್ದ ಇಂಟರ್‌ವ್ಯೂ ‘ಬ್ರಾಟ್ ಫಾರ್ವರ್ಡ್ ಬೈ ಟೂ ಡೇಸ್’ ಅಂತೆ. ಅವಳು 16 ಅನ್ನುತ್ತಾಳೆ, ನನಗೆ ಧೈರ್ಯ ಇಲ್ಲ. ಅಲ್ಲಿ ಯಾರೂ ಫೋನ್ ಎತ್ತುತ್ತಿಲ್ಲ.

ಪೆರ್ಲದ ಅಡಿಕೆ ತೋಟದವ: ಈ ಮಾತು ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. 2011ರಲ್ಲಿ ನನ್ನ ಇಂಟರ್‌ವ್ಯೂ 13ಕ್ಕೆ ಇತ್ತು. ‘ಬೈ ಒನ್ ವೀಕ್’ ಅಂತ ಮೇಲ್ ಬಂತು. ಫಾರ್ವರ್ಡ್ ಅಂದ್ರೆ ಮುಂದೆ, ಹಾಗಾದ್ರೆ ಮುಂದೂಡಿದ್ದಾರೆ, ಅಲ್ವಾ? 20ಕ್ಕೆ ಹೋದೆ. ಪ್ಯಾಂಟ್ ಬಟ್ಟೆಗೆ 450, ಹೊಲಿಗೆಗೆ 220, ಶೂಗೆ 900. ಶೂ ಕಚ್ಚಿತು. ಮಲಬಾರ್ ಎಕ್ಸ್‌ಪ್ರೆಸ್ಸಲ್ಲಿ ರಾತ್ರಿಯಿಡೀ ನಿದ್ದೆ ಇಲ್ಲ. ಸೆಕ್ಯೂರಿಟಿಯವನು ರಿಜಿಸ್ಟರ್ ಮಗುಚಿ ತೋರಿಸಿದ. 6ನೇ ತಾರೀಕಿನ ಪಟ್ಟಿಯಲ್ಲಿ ನನ್ನ ಹೆಸರು, ಸಹಿಯ ಜಾಗ ಖಾಲಿ. ಶೂ ಈಗಲೂ ಅಟ್ಟದ ಮೇಲಿದೆ.

ನಿವೃತ್ತ ಗುಮಾಸ್ತ: 31 ವರ್ಷ ಸಹಕಾರಿ ಸಂಘದಲ್ಲಿ ಲೆಡ್ಜರ್ ಬರೆದವ ನಾನು. ಬ್ರಾಟ್ ಫಾರ್ವರ್ಡ್ ಅಂದ್ರೆ ಹಿಂದಿನ ಪುಟದ ಮೊತ್ತವನ್ನು ಈ ಪುಟದ ತಲೆಗೆ ತಂದದ್ದು. ‘ಬಿ/ಎಫ್’ ಅಂತ ಬರೆಯುತ್ತೇವೆ. ಒಮ್ಮೆ 4,370 ಬದಲು 4,730 ತಂದು ಮೂರು ರಾತ್ರಿ ತಪ್ಪು ಹುಡುಕಿದೆ. ವ್ಯತ್ಯಾಸ 360. ಅದು 9ರಿಂದ ಭಾಗ ಹೋಯ್ತು. ಅಂಕಿ ಅದಲುಬದಲಾಗಿದೆ ಅಂತ ಆಗಲೇ ಹೊಳೆದದ್ದು.

ಪೆರ್ಲದವ: ಇಂಟರ್‌ವ್ಯೂ ಕೇಳಿದರೆ ಲೆಡ್ಜರ್ ಹೇಳ್ತೀರಲ್ಲ ಮಾರಾಯ್ರೆ!

ಗುಮಾಸ್ತ: ನಿಮ್ಮ ಶೂ ಕಥೆಗಿಂತ ವಾಸಿ.

ಕುಂಬಳೆಯ ಟೀಚರ್: ಇಬ್ಬರೂ ಸ್ವಲ್ಪ ಸುಮ್ನಿರಿ. ತಾರೀಕಿನ ಮಾತಲ್ಲಿ ಬ್ರಿಂಗ್ ಫಾರ್ವರ್ಡ್ ಅಂದ್ರೆ ಮೊದಲೇ ಮಾಡುವುದು. ನಾವು ಪ್ರಿಪೋನ್ ಅನ್ನುತ್ತೇವಲ್ಲ, ಅದೇ. ತಡ ಆದರೆ ಪುಟ್ ಆಫ್, ಪುಶ್ ಬ್ಯಾಕ್. ರದ್ದಾದರೆ ಕಾಲ್ ಆಫ್. ‘ಮುಂದೂಡು’ ತಲೆಯಲ್ಲಿಟ್ಟುಕೊಂಡು ಇಂಗ್ಲಿಷ್ ಓದಿದರೆ ಹೀಗೇ ಆಗುವುದು. ನಾನೂ ಒಮ್ಮೆ ಮೀಟಿಂಗ್ ‘ಪುಶ್ಡ್ ಬ್ಯಾಕ್’ ಅಂದಾಗ ಹಿಂದಕ್ಕೆ ಬಂತು ಅಂದುಕೊಂಡೆ. ಒಂದು ಗಂಟೆ ಮೊದಲೇ ಹೋಗಿ, ಬೀಗ ಹಾಕಿದ ಹಾಲ್ ಎದುರು ಕೊಡೆ ಹಿಡಿದು ನಿಂತಿದ್ದೆ. ಮಲಯಾಳದಲ್ಲಿ ‘ಮಾಟ್ಟಿವೆಚ್ಚು’ (ಮುಂದೂಡಿದರು) ಅಂದಿದ್ದರೂ ಗೊತ್ತಾಗುತ್ತಿತ್ತು!

ಉಪ್ಪಳದವ: ಅದಕ್ಕೇ ನಾನು ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು. ವರ್ಷಕ್ಕೆ 38,000 ಫೀಸು. ವ್ಯಾನಿಗೆ 11,000 ಬೇರೆ. ಮಳೆಗಾಲದಲ್ಲಿ ವ್ಯಾನ್ ಗದ್ದೆಯ ಆಚೆಯೇ ನಿಲ್ಲುತ್ತದೆ, ಅದು ಇನ್ನೊಂದು ಕಥೆ.

ಟೀಚರ್: ಕನ್ನಡ ಮೀಡಿಯಂ ನಿಮಗೇನು ಮಾಡಿತು? ನಿಮ್ಮ ಮಗನಿಗೆ ಪುಶ್ ಬ್ಯಾಕ್ ಅಂದ್ರೆ ಏನು ಅಂತ ಗೊತ್ತಾ, ಕೇಳಿ ನೋಡಿ.

ಉಪ್ಪಳದವ: ಕೇಳಿದೆ. ಬಸ್ಸಿನ ಸೀಟು ಅಂದ.

ಬದಿಯಡ್ಕದ ಅಮ್ಮ: ಅಯ್ಯೋ, ಹಾಗಾದ್ರೆ 12. ಇವತ್ತು 11! ಸಂಜೆಯ ಮಲಬಾರಲ್ಲಿ ಸೀಟು ಸಿಕ್ಕೀತಾ?

ಪೆರ್ಲದವ: ಜನರಲ್ ಬೋಗಿಯೇ ಗತಿ. ಬೇಗ ಹೊರಡಿಸಿ ಅಕ್ಕಾ. ಹಳೇ ಚಪ್ಪಲಿಯೇ ಸಾಕು.