ದೇಣಿಗೆ ಆ್ಯಪ್ ಹಣ ಕೊಡುವಾಗ ಬ್ರೌಸರ್‌ಗೆ ಯಾಕೆ ಕಳಿಸುತ್ತೆ?

ಪ್ರಶ್ನೆ:
ನಿನ್ನೆ ರಾತ್ರಿ ಒಂದು ದೇಣಿಗೆ ಆ್ಯಪ್ ಹಾಕಿಕೊಂಡೆ. ಮಗುವಿನ ಫೋಟೊ, ಅರ್ಧ ತುಂಬಿದ ಹಸಿರು ಪಟ್ಟಿ, ಕೆಳಗೆ ‘ಈಗಲೇ ಕೊಡಿ’. ಒತ್ತಿದೆ. ಆ್ಯಪ್ ಬಿಟ್ಟು ಬ್ರೌಸರ್ ತೆರೆದುಕೊಳ್ತು! ಐಫೋನಲ್ಲಿ ಆಟದ ನಾಣ್ಯ ಕೊಳ್ಳೋಕೆ ಬೆರಳಿಟ್ಟರೆ ಸಾಕು, ಇಲ್ಲಿ ನೋಡಿದ್ರೆ ಕಾರ್ಡ್ ನಂಬರೆಲ್ಲ ಹೊಸದಾಗಿ ಹೊಡೀಬೇಕು. ಹೆದರಿ ಮುಚ್ಚಿಬಿಟ್ಟೆ.

ಹೆದರಿಕೆಗೆ ಕಾರಣ ಇದೆ. ಹೋದ ಸಲ ಬೇರೊಂದು ಆ್ಯಪಲ್ಲಿ ಒಂದೇ ಒಂದು ಸಲ ಅಂದುಕೊಂಡು ಕೊಟ್ಟಿದ್ದು, ಮುಂದಿನ ತಿಂಗಳು ಅದೇ ತಾರೀಖಿಗೆ ಮತ್ತೆ ಕಟ್ಟಾಯ್ತು. ‘ಪ್ರತಿ ತಿಂಗಳು’ ಅನ್ನೋ ಚೌಕಕ್ಕೆ ಅವರೇ ಟಿಕ್ ಹಾಕಿಟ್ಟಿದ್ದರು. ಹಾಕೋಕೆ ಒಂದು ಒತ್ತು, ತೆಗೆಯೋಕೆ ನಾಲ್ಕು ಪುಟ.

ಉತ್ತರ 1:
ನಾನು ಆ್ಯಪ್ ಬರೆಯೋ ಕೆಲಸದವನು. ಬ್ರೌಸರ್‌ಗೆ ಹೋಯ್ತು ಅಂದಮಾತ್ರಕ್ಕೆ ಮೋಸ ಅಲ್ಲ ಸರ್. ಆಟದ ನಾಣ್ಯದ ದುಡ್ಡಲ್ಲಿ ಆಪಲ್ ಕಮಿಷನ್ ಹಿಡಿಯುತ್ತೆ, ಶೇ 30ರವರೆಗೂ. ದೇಣಿಗೆಗೆ ಆ ಬೆರಳಿಟ್ಟು ಕೊಳ್ಳೋ ದಾರಿ ಇಲ್ಲ. ಆಪಲ್ ಒಪ್ಪಿದ ಲಾಭರಹಿತ ಸಂಸ್ಥೆಗಳು ಆ್ಯಪ್ ಒಳಗೇ ಆಪಲ್ ಪೇ ಅನ್ನೋ ಆಪಲ್‌ನದೇ ಪಾವತಿ ಸೇವೆ ಮೂಲಕ ತಗೋಬಹುದು. ಉಳಿದವರು ಆ್ಯಪನ್ನ ಉಚಿತವಾಗಿ ಕೊಟ್ಟು, ಹಣ ಮಾತ್ರ ಹೊರಗೆ, ಬ್ರೌಸರಲ್ಲೋ ಎಸ್ಸೆಮ್ಮೆಸ್ಸಲ್ಲೋ ತಗೋಬೇಕು. ನೀವು ನೋಡಬೇಕಾದ್ದು ಬ್ರೌಸರಿನ ವಿಳಾಸದ ಸಾಲು. ಅಲ್ಲಿ ಸಂಸ್ಥೆಯ ಹೆಸರಿಗೆ ಬಾಲ-ಕೊಂಬು ಸೇರಿಕೊಂಡಿದ್ರೆ ಎದ್ದು ಬನ್ನಿ.

ಆ ಟಿಕ್ ವಿಷಯ... ಹೇಳೋಕೆ ನಾಚಿಕೆ, ಅಂಥದ್ದೊಂದನ್ನ ನಾನೂ ಬರೆದಿದ್ದೀನಿ. ‘ಖಾಲಿ ಬಿಟ್ಟರೆ ಯಾರೂ ಹಾಕಲ್ಲ’ ಅಂತ ಕೆಲಸ ಕೊಟ್ಟವರು ಅಂದರು, ಬರೆದೆ. ರಾಜಕೀಯ ದೇಣಿಗೆಯಲ್ಲಿ ಇದು ಎಷ್ಟು ಅತಿಯಾಯ್ತು ಅಂದ್ರೆ, 2021ರಲ್ಲಿ ಅಮೆರಿಕದ ಫೆಡರಲ್ ಚುನಾವಣಾ ಆಯೋಗವೇ ಇದನ್ನ ನಿಷೇಧಿಸಿ ಅಂತ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಶಿಫಾರಸು ಮಾಡಿತು.

ಉತ್ತರ 2:
ಕಾರ್ಡ್ ಕೊಡೋಕೇ ಭಯ ಅಂದ್ರೆ ಫ್ರೀರೈಸ್ ಅನ್ನೋ ಆನ್‌ಲೈನ್ ಆಟ ಆಡಿ. 2007ರಲ್ಲಿ ಶುರುವಾದದ್ದು, ಈಗ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಕೈಲಿದೆ. ಪದದ ಅರ್ಥ ಸರಿ ಹೇಳಿದ್ರೆ ಅಕ್ಕಿಕಾಳು ಸೇರುತ್ತೆ, ದುಡ್ಡು ಪ್ರಾಯೋಜಕರದ್ದು. ನನ್ನ ಮಗಳು ತಪ್ಪು ಹೇಳಿದಾಗಲೆಲ್ಲ ‘ಅಯ್ಯೋ, ಯಾರದೋ ತುತ್ತು ಹೋಯ್ತು’ ಅಂತ ಮುಖ ಸಣ್ಣ ಮಾಡ್ಕೋತಾಳೆ. ತಪ್ಪು ಹೇಳಿದ್ರೆ ಸೇರಿದ್ದೇನೂ ಹೋಗಲ್ಲ ಅಂದ್ರೂ ಕೇಳಲ್ಲ.

ಉತ್ತರ 3:
ಟಿಕ್ ಒಂದೇ ಅಲ್ಲ, ದೇಣಿಗೆ ಮೇಲೆ ಸೇರಿಸೋ ‘ಟಿಪ್’ ಕೂಡ ನೋಡ್ಕೊಳ್ಳಿ. ಅದು ಆ್ಯಪ್ ನಡೆಸೋ ವೇದಿಕೆಗೆ ಹೋಗೋದು, ಮಗುವಿಗಲ್ಲ. ವೇದಿಕೆ ನಡೆಸೋಕೂ ಖರ್ಚಿದೆ, ಒಪ್ತೀನಿ. ಆದ್ರೆ ಎಷ್ಟು ಅಂತ ನಾನು ಹೇಳಬೇಕು, ಅವರಲ್ಲ.

ಪ್ರಶ್ನೆ ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮತ್ತೆ ಹೋದೆ. ವಿಳಾಸ ಸರಿ ಇತ್ತು, ಚೌಕ ಖಾಲಿ ಇತ್ತು. ಟಿಪ್ ಮಾತ್ರ ಶೇ 15ರ ಮೇಲೆ ಕೂತಿತ್ತು. ಸೊನ್ನೆಗೆ ಎಳೆಯೋಣ ಅಂದ್ರೆ ನನ್ನ ದಪ್ಪ ಬೆರಳಿಗೆ ಮೂರು ಸಲವೂ 1ರಲ್ಲೇ ನಿಲ್ತು. ಹೋಗಲಿ ಅಂತ 1 ಬಿಟ್ಟೆ.